ಹಿಡಿದು ಬಿಟ್ಟ ಮೀನು

🪷 *ಇಂದಿನ ಧಮ್ಮ ಚಿಂತನೆ* 🪷

 

ಕಳೆದ ವಾರ ಪಂಚಶೀಲದ ಮೊದಲ ಶೀಲದ ಬಗ್ಗೆ ಬರೆದಾಗ ನಮ್ಮ ಗುಂಪಿನ ಹಿರಿಯರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. ಅವರ ಮಗ ಅಮೆರಿಕದ ಕೊಲರಾಡೊದಲ್ಲಿದ್ದಾನೆ. ಶನಿವಾರ ಬಂತೆಂದರೆ ತೊಡೆಮಟ್ಟದ ನೀರಿನಲ್ಲಿ ನಿಂತು ಟ್ರೌಟ್ ಮೀನು ಹಿಡಿಯುತ್ತಾನೆ, ಒಂದು ಫೋಟೊ ತೆಗೆದು ಮತ್ತೆ ಹೊಳೆಗೆ ಬಿಡುತ್ತಾನೆ. ಅಪ್ಪ ಫೋನಿನಲ್ಲಿ ಶೀಲದ ಮಾತು ತೆಗೆದಾಗ ಅವನು ಹೇಳಿದನಂತೆ: "ಅಪ್ಪಾ, ನಾನು ಒಂದನ್ನೂ ಕೊಲ್ಲುವುದಿಲ್ಲ, ತಿನ್ನುವುದೂ ಇಲ್ಲ. ನೀವು ಅಲ್ಲಿ ವಾರಕ್ಕೊಮ್ಮೆ ಮೀನುಸಾರು ಮಾಡಿಸುತ್ತೀರಿ. ಯಾರ ಶೀಲ ಮುರಿದಿದೆ, ನೀವೇ ಹೇಳಿ." ಅಪ್ಪನಿಗೆ ಉತ್ತರ ಹೊಳೆಯಲಿಲ್ಲ.

ಹುಡುಗನನ್ನು ಗದರಿ ಬಾಯಿ ಮುಚ್ಚಿಸುವುದು ಸುಲಭ. ಆದರೆ ಅವನ ಮಾತಿನಲ್ಲಿ ಹುರುಳಿದೆ. ಅದಕ್ಕೇ ಇವತ್ತಿನ ಚಿಂತನೆ ಸ್ವಲ್ಪ ಉದ್ದವಾಗಿದೆ. ಬೆಳಗಿನ ಕಾಫಿಗೆ ಅರ್ಧ, ಸಂಜೆ ಬಸ್ಸಿನಲ್ಲಿ ಅರ್ಧ ಓದಿದರೂ ಆದೀತು.

ಅವನು ಮಾಡುತ್ತಿರುವುದು ಏನೆಂದು ಮೊದಲು ನೋಡೋಣ. ನಮ್ಮ ಕೆರೆ ಏರಿಯ ಮೇಲೆ ಗಾಳ ಹಾಕುವವರು ಎರೆಹುಳವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿ ಕಾಯುತ್ತಾರೆ. ಫ್ಲೈ ಫಿಶಿಂಗ್‌ನಲ್ಲಿ ತಿನ್ನುವ ವಸ್ತುವೇ ಇರುವುದಿಲ್ಲ. ಗಾಳಕ್ಕೆ ನೂಲು, ಗರಿ, ಪ್ರಾಣಿಗಳ ಕೂದಲು ಸುತ್ತಿ ಒಂದು ಹುಳದಂತೆ ಕಟ್ಟುತ್ತಾರೆ. ಅದಕ್ಕೆ ತೂಕವಿಲ್ಲದ್ದರಿಂದ ಎಸೆದರೆ ದೂರ ಹೋಗುವುದಿಲ್ಲ. ಹಾಗಾಗಿ ದಾರವನ್ನೇ ಭಾರವಾಗಿ ಮಾಡಿ, ಚಾಟಿಯಂತೆ ಹಿಂದೆ ಮುಂದೆ ಬೀಸಿ, ಆ ಸುಳ್ಳು ಹುಳ ಮೆಲ್ಲಗೆ ನೀರಿನ ಮೇಲೆ ಇಳಿಯುವಂತೆ ಮಾಡುತ್ತಾರೆ. ಇದು ಹೊಸ ಆಟವೇನಲ್ಲ. ಸುಮಾರು 1800 ವರ್ಷಗಳ ಹಿಂದೆಯೇ ರೋಮಿನ ಈಲಿಯನ್ ಎಂಬ ಲೇಖಕ, ಮೆಸಿಡೋನಿಯಾದ ಜನ ಕೆಂಪು ಉಣ್ಣೆ ಮತ್ತು ಹುಂಜದ ಗರಿಯನ್ನು ಗಾಳಕ್ಕೆ ಸುತ್ತಿ ಮೀನು ಹಿಡಿಯುವುದನ್ನು ಬರೆದಿಟ್ಟಿದ್ದಾನೆ.

ಅವರು ಹೆಚ್ಚಾಗಿ ಅನುಕರಿಸುವ ಹುಳ ಮೇಫ್ಲೈ. ಅದರ ಮರಿ ನೀರಿನಡಿಯ ಕಲ್ಲುಗಳಲ್ಲಿ ತಿಂಗಳುಗಟ್ಟಲೆ, ಕೆಲವು ಜಾತಿಯಲ್ಲಿ ವರ್ಷಕ್ಕೂ ಮೇಲ್ಪಟ್ಟು ಬೆಳೆಯುತ್ತದೆ. ರೆಕ್ಕೆ ಬಂದು ಮೇಲೆದ್ದ ಮೇಲೆ ಒಂದೆರಡು ದಿನ ಬದುಕಿದರೆ ಹೆಚ್ಚು. ರೆಕ್ಕೆಯ ಅವಸ್ಥೆಯಲ್ಲಿ ಅದಕ್ಕೆ ತಿನ್ನಲು ಬರುವ ಬಾಯಿಯೇ ಇಲ್ಲ. ಅನಿಚ್ಚವನ್ನು ಬೋಧಿಸಲು ಇದಕ್ಕಿಂತ ಒಳ್ಳೆಯ ಜೀವಿ ಸಿಗಲಿಕ್ಕಿಲ್ಲ. ಅದನ್ನೇ ಗರಿಯಲ್ಲಿ ಕಟ್ಟಿ ಗಾಳ ಮುಚ್ಚಿಡುತ್ತಾರೆ ಎನ್ನುವುದು ವಿಚಿತ್ರ.

ಈ ಹವ್ಯಾಸದವರು ಹೊಳೆಯನ್ನು ನೋಡುವ ರೀತಿ ನಿಜಕ್ಕೂ ಮೆಚ್ಚುವಂಥದ್ದು. ಯಾವ ಕಲ್ಲಿನ ಕೆಳಗೆ ಯಾವ ಹುಳವಿದೆ, ಇವತ್ತು ನೀರು ಎಷ್ಟು ತಣ್ಣಗಿದೆ, ಮೋಡ ಬಂದರೆ ಮೀನು ಎಲ್ಲಿಗೆ ಸರಿಯುತ್ತದೆ, ಎಲ್ಲ ಅವರಿಗೆ ಗೊತ್ತು. "ಇದೇ ನನ್ನ ಧ್ಯಾನ" ಎನ್ನುವವರು ಅವರಲ್ಲಿ ಬಹಳ ಮಂದಿ. ಇಲ್ಲಿ ನಾವು ಸ್ವಲ್ಪ ತಡೆದು ನಿಲ್ಲಬೇಕು. ನೀರಿನಲ್ಲಿ ಒಂಟಿ ಕಾಲಲ್ಲಿ ನಿಂತ ಕೊಕ್ಕರೆಗೂ ಏಕಾಗ್ರತೆ ಇದೆ. ಅದಕ್ಕೆ ನಮ್ಮ ಹಿರಿಯರು ಬಕಧ್ಯಾನ ಎಂದು ಹೆಸರಿಟ್ಟರು. ಅಷ್ಟಾಂಗ ಮಾರ್ಗದಲ್ಲಿ ಸಮಾಧಿಯ ಹಿಂದೆ 'ಸಮ್ಮಾ' ಎಂಬ ಶಬ್ದ ಇರುವುದು ಸುಮ್ಮನೆ ಅಲ್ಲ. ಮನಸ್ಸು ಒಂದು ಕಡೆ ನಿಂತಿತು ಎಂಬುದಷ್ಟೇ ಸಾಲದು, ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಕೇಳಬೇಕಾಗುತ್ತದೆ.

ಈಗ ಶೀಲದ ವಿಷಯ. ಅಟ್ಠಕಥೆಗಳು ಪಾಣಾತಿಪಾತಕ್ಕೆ ಐದು ಅಂಗಗಳನ್ನು ಹೇಳುತ್ತವೆ. ಅದು ಜೀವಿ ಆಗಿರಬೇಕು, ಜೀವಿ ಎಂದು ತಿಳಿದಿರಬೇಕು, ಕೊಲ್ಲುವ ಮನಸ್ಸಿರಬೇಕು, ಅದಕ್ಕೆ ಪ್ರಯತ್ನ ನಡೆದಿರಬೇಕು, ಸಾವು ಆಗಿರಬೇಕು. ಈ ಲೆಕ್ಕದಲ್ಲಿ ಕೊಲರಾಡೊದ ಹುಡುಗ ಗೆದ್ದ. ಕೊಲ್ಲುವ ಚೇತನಾ ಅವನಲ್ಲಿಲ್ಲ, ಸಾವೂ ಆಗಿಲ್ಲ. ಶೀಲದ ಅಕ್ಷರ ಮುರಿದಿಲ್ಲ ಎಂದು ಒಪ್ಪಿಕೊಳ್ಳಲೇಬೇಕು. ಮೀನುಸಾರಿನ ಅಪ್ಪನ ವಿಷಯ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ. ಅದೂ ಸಣ್ಣ ಪ್ರಶ್ನೆಯಲ್ಲ, ನಮ್ಮ ಗುಂಪಿನಲ್ಲಿ ಅರ್ಧದಷ್ಟು ಮನೆಗಳಿಗೆ ಸಂಬಂಧಪಟ್ಟದ್ದು.

ಆದರೆ ಉದಾನದಲ್ಲಿ ಕುಮಾರಕ ಸುತ್ತ ಎಂಬ ಪುಟ್ಟ ಸುತ್ತವಿದೆ. ಭಗವಾನರು ಜೇತವನದಿಂದ ಪಿಂಡಪಾತಕ್ಕೆ ಶ್ರಾವಸ್ತಿಗೆ ಹೊರಟಿದ್ದಾರೆ. ದಾರಿಯಲ್ಲಿ ಒಂದಷ್ಟು ಹುಡುಗರು ಮೀನುಗಳನ್ನು ಪೀಡಿಸುತ್ತಿದ್ದಾರೆ. ಬುದ್ಧರು ಹತ್ತಿರ ಹೋಗಿ ಕೇಳುತ್ತಾರೆ: ನೋವೆಂದರೆ ನಿಮಗೆ ಭಯವೇ, ನೋವು ನಿಮಗೆ ಬೇಡವೇ? ಹುಡುಗರು ಹೌದು ಎನ್ನುತ್ತಾರೆ. ಆಮೇಲೆ ಬುದ್ಧರು ಹೇಳುವುದು, ನೋವು ಬೇಡವಾದರೆ ಬಹಿರಂಗವಾಗಿಯಾಗಲಿ ಗುಟ್ಟಾಗಿಯಾಗಲಿ ಪಾಪದ ಕೆಲಸ ಮಾಡಬೇಡಿ ಎಂಬ ಅರ್ಥದ ಮಾತು.

ಇದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದೇ ಸಂಗತಿ. ಮೀನು ಸತ್ತಿತೋ ಇಲ್ಲವೋ ಎಂದು ಅಲ್ಲಿ ವಿಚಾರಣೆಯೇ ನಡೆಯುವುದಿಲ್ಲ. ತಿನ್ನಲು ಹಿಡಿದಿರೋ ಆಟಕ್ಕೆ ಹಿಡಿದಿರೋ ಎಂದೂ ಕೇಳುವುದಿಲ್ಲ. ಸಾವಿನ ಲೆಕ್ಕ ಬಿಟ್ಟು ನೋವಿನ ಲೆಕ್ಕದಿಂದ ಪ್ರಶ್ನೆ ಶುರುವಾಗುತ್ತದೆ, ಅದೂ ಆ ಹುಡುಗರ ಸ್ವಂತ ನೋವಿನಿಂದ.

ಮೀನಿಗೆ ನೋವಾಗುತ್ತದೆಯೇ? 2003ರಲ್ಲಿ ಲಿನ್ ಸ್ನೆಡನ್ ಎಂಬ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು ರೇನ್‌ಬೋ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ, ಅದರ ತುಟಿಯೂ ಸೇರಿದಂತೆ, ಗಾಯ ಮತ್ತು ಉರಿಗೆ ಸ್ಪಂದಿಸುವ ನರಗಳಿರುವುದನ್ನು ತೋರಿಸಿದರು. ತುಟಿಗೆ ಜೇನುಹುಳದ ವಿಷ ಅಥವಾ ವಿನೆಗರ್‌ನಲ್ಲಿರುವ ಆಮ್ಲ ಚುಚ್ಚಿದಾಗ ಮೀನುಗಳು ತಳದಲ್ಲಿ ಅತ್ತಿತ್ತ ಓಲಾಡಿದವು, ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನು ಜಲ್ಲಿಗೆ ಉಜ್ಜಿದವು. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ನಮ್ಮ ಮಿದುಳಿನಲ್ಲಿರುವ ಹೊರಪದರ ಮೀನಿಗೆ ಇಲ್ಲ, ಆದ್ದರಿಂದ ಅದು ಪ್ರತಿಕ್ರಿಯೆ ಮಾತ್ರ, ಅನುಭವವಲ್ಲ ಎಂಬುದು ಅವರ ವಾದ. ವಾದ ನಡೆಯಲಿ. ಮೀನು ದಾರದ ತುದಿಯಲ್ಲಿ ಜೀವ ಬಿಟ್ಟು ಎಳೆಯುವುದು ಮಾತ್ರ ಯಾರೂ ಅಲ್ಲಗಳೆಯದ ವಿಷಯ. ಗಾಳ ಹಿಡಿದವನ ಖುಷಿ ಇರುವುದೂ ಆ ಎಳೆತದಲ್ಲೇ.

ಇನ್ನೊಂದು ಸ್ವಾರಸ್ಯ ಕೇಳಿ. ಅಮೆರಿಕದ ಕೆಲವು ಹೊಳೆಗಳಲ್ಲಿ ಹಿಡಿದ ಮೀನನ್ನು ಬಿಡಲೇಬೇಕು ಎಂಬುದು ಕಾನೂನು. ಬಿಡದಿದ್ದರೆ ದಂಡ. ಸ್ವಿಟ್ಜರ್ಲೆಂಡಿನಲ್ಲಿ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದಕ್ಕೆ ನಿಷೇಧವಿದೆ. ತಿನ್ನಲು ಹಿಡಿದರೆ ಅದಕ್ಕೊಂದು ಕಾರಣವಾಯಿತು, ಬರೀ ಆಟಕ್ಕಾಗಿ ಜೀವಿಯನ್ನು ಹಿಂಸಿಸಬೇಡಿ ಎಂಬುದು ಅದರ ತರ್ಕ. ಒಂದೇ ಮೀನು, ಒಂದೇ ಗಾಳ. ಒಂದು ಕಡೆ ಬಿಡುವವನು ಸಜ್ಜನ, ಇನ್ನೊಂದು ಕಡೆ ತಿನ್ನುವವನು ಸಜ್ಜನ. ಅಮೆರಿಕದ ನಿಯಮ ನೋಡುವುದು ಹೊಳೆಯಲ್ಲಿ ಎಷ್ಟು ಮೀನು ಉಳಿಯಿತು ಎಂಬುದನ್ನು. ಸ್ವಿಸ್ ನಿಯಮ ನೋಡುವುದು ಹಿಡಿದವನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು. ಕಮ್ಮವೆಂದರೆ ಚೇತನಾ ಎಂದು ಕಲಿತ ನಮಗೆ ಎರಡನೆಯದೇ ಹತ್ತಿರ ಎಂದು ನನಗನಿಸುತ್ತದೆ. ಆದರೆ ಹೊಳೆಯಲ್ಲಿ ಮೀನೇ ಇಲ್ಲವಾದರೆ ಚೇತನಾ ಇಟ್ಟುಕೊಂಡು ಮಾಡುವುದೇನು ಎಂದು ಮೊದಲನೆಯವರು ಕೇಳಿದರೆ ಅದಕ್ಕೂ ತಲೆ ಬಾಗಬೇಕು.

ಈಗ ಆ ಫೋಟೊದ ವಿಷಯಕ್ಕೆ ಬರೋಣ. ಹುಡುಗ "ಒಂದು ಫೋಟೊ ತೆಗೆದು ಬಿಡುತ್ತೇನೆ" ಎಂದು ಎಷ್ಟು ಹಗುರವಾಗಿ ಹೇಳಿದನಲ್ಲ, ನನಗೆ ಇಡೀ ಪ್ರಶ್ನೆಯ ಗಂಟು ಅಲ್ಲೇ ಇದೆ ಅನಿಸಿತು.

1992ರಲ್ಲಿ ಕೆನಡಾದ ಇಬ್ಬರು ವಿಜ್ಞಾನಿಗಳು, ಫರ್ಗುಸನ್ ಮತ್ತು ಟಫ್ಟ್ಸ್, ಪ್ರಯೋಗಾಲಯದಲ್ಲಿ ರೇನ್‌ಬೋ ಟ್ರೌಟ್‌ಗಳನ್ನು ಸುಸ್ತಾಗುವವರೆಗೆ ಅಟ್ಟಾಡಿಸಿದರು. ಗಾಳಕ್ಕೆ ಸಿಕ್ಕ ಮೀನು ಒದ್ದಾಡಿ ದಣಿಯುವುದಕ್ಕೆ ಸಮನಾಗಿ. ಅಷ್ಟಕ್ಕೇ ಬಿಟ್ಟವುಗಳಲ್ಲಿ ಸತ್ತದ್ದು ನೂರಕ್ಕೆ 12. ಆಮೇಲೆ 30 ಸೆಕೆಂಡ್ ಗಾಳಿಯಲ್ಲಿ ಹಿಡಿದವುಗಳಲ್ಲಿ 38. ಒಂದು ನಿಮಿಷ ಹಿಡಿದವುಗಳಲ್ಲಿ 72. ಆ ಪ್ರಯೋಗ ಬಹಳ ಕಠಿಣವಾಗಿತ್ತು. ಮುಂದೆ ಹೊಳೆಗಳಲ್ಲೇ ನಡೆದ ಅಧ್ಯಯನಗಳಲ್ಲಿ ಸಾವು ಇದಕ್ಕಿಂತ ಕಡಿಮೆ ಕಂಡಿದೆ. ಆದರೂ ದಿಕ್ಕು ಸ್ಪಷ್ಟ. ಓಡಿ ಓಡಿ ದಮ್ಮು ಕಟ್ಟಿದವನ ಮೂಗು ಬಾಯಿ ಮುಚ್ಚಿ ಹಿಡಿದಂತೆ ಅದು. ಆ ಮೂವತ್ತು, ಅರವತ್ತು ಸೆಕೆಂಡ್ ಮೀನನ್ನು ಮೇಲೆತ್ತಿ ಹಿಡಿಯುವುದು ಯಾತಕ್ಕೆ? ಗಾಳ ಬಿಡಿಸಲು ನೀರಿನಲ್ಲೇ ಆಗುತ್ತದೆ. ಮೇಲೆತ್ತುವುದು ಕ್ಯಾಮೆರಾಕ್ಕೆ. ಅಂದರೆ ಕೆಲವೊಮ್ಮೆ ಮೀನನ್ನು ಕೊಲ್ಲುವುದು ಗಾಳವಲ್ಲ, ಫೋಟೊ. ಅದೂ ಬಿಟ್ಟವನ ಕಣ್ಣೆದುರಿಗಲ್ಲ. ಮೀನು ಚುರುಕಾಗಿ ಈಜಿಕೊಂಡು ಹೋಗುತ್ತದೆ, ಆಮೇಲೆ ಎಲ್ಲೋ ಕಲ್ಲಿನ ಸಂದಿಯಲ್ಲಿ ಸಾಯುತ್ತದೆ. ಅವನು ಮಾತ್ರ ಕೊಂದಿಲ್ಲ ಎಂಬ ನೆಮ್ಮದಿಯಲ್ಲಿ ಮನೆಗೆ ಹೋಗುತ್ತಾನೆ.

ಸಂಯುತ್ತ ನಿಕಾಯದಲ್ಲಿ ಬಳಿಸ ಸುತ್ತವಿದೆ. ಬಳಿಸ ಎಂದರೆ ಪಾಳಿಯಲ್ಲಿ ಗಾಳ. ಬೆಸ್ತ ಆಮಿಷ ಸಿಕ್ಕಿಸಿದ ಗಾಳವನ್ನು ಆಳ ಮಡುವಿಗೆ ಎಸೆಯುತ್ತಾನೆ, ಆಮಿಷದ ಮೇಲೇ ಕಣ್ಣಿಟ್ಟ ಮೀನು ಅದನ್ನು ನುಂಗುತ್ತದೆ. ಅಲ್ಲಿ ಬೆಸ್ತ ಮಾರ. ಗಾಳ ಯಾವುದು ಗೊತ್ತೇ? ಹೆಣ್ಣು, ಹೊನ್ನು, ಮಣ್ಣು ಎಂದು ನಾವು ಊಹಿಸುತ್ತೇವೆ. ಅದಲ್ಲ. ಲಾಭ, ಸತ್ಕಾರ, ಹೊಗಳಿಕೆ. ಭಿಕ್ಷುಗಳಿಗೆ ಹೇಳಿದ ಮಾತು ಅದು. ಮೀನು ಎತ್ತಿ ಹಿಡಿದ ಫೋಟೊ ಗುಂಪಿಗೆ ಹಾಕಿ, ಎಷ್ಟು ಹೆಬ್ಬೆಟ್ಟು ಬಂತು ಎಂದು ಗಳಿಗೆಗೊಮ್ಮೆ ಫೋನ್ ತೆರೆಯುವವನನ್ನು ಕಣ್ಣ ಮುಂದೆ ತಂದುಕೊಳ್ಳಿ. ದಾರಕ್ಕೆ ಎರಡು ತುದಿ. ಎರಡೂ ತುದಿಯಲ್ಲಿ ಗಾಳವಿದೆ.

'ಆಮಿಷ' ಎಂಬ ಶಬ್ದವನ್ನು ಚುನಾವಣೆ ಬಂದಾಗ ಪತ್ರಿಕೆಗಳಲ್ಲಿ ಓದುತ್ತೇವೆ. ಪಾಳಿಯಲ್ಲಿ ಅದು ಆಮಿಸ. ಮಾಂಸ, ಎರೆ, ಲೌಕಿಕ ವಸ್ತು, ಎಲ್ಲಕ್ಕೂ ಅದೇ ಶಬ್ದ. ಸತಿಪಟ್ಠಾನದಲ್ಲಿ ವೇದನೆಯನ್ನು ಗಮನಿಸುವಾಗ ಸುಖವೋ ದುಃಖವೋ ಎಂದು ನೋಡಿದರೆ ಸಾಲದು, ಅದು ಸಾಮಿಸವೋ ನಿರಾಮಿಸವೋ ಎಂದೂ ತಿಳಿಯಬೇಕು ಎನ್ನುತ್ತಾರೆ. ಎರೆ ಇರುವ ಸುಖ, ಎರೆ ಇಲ್ಲದ ಸುಖ. ಹೊಳೆಯಲ್ಲಿ ನಿಂತವನಿಗೆ ಸಿಗುವ ಸುಖ ಶಾಸ್ತ್ರದ ಪ್ರಕಾರ ನಿರಾಮಿಸ ಎನ್ನಲಾಗದು, ಅದು ಧ್ಯಾನದ, ತ್ಯಾಗದ ಸುಖಕ್ಕೆ ಇಟ್ಟ ಹೆಸರು. ಆದರೂ ಮನೆಯಲ್ಲಿರುವ ನಮಗೆ ಈ ಎರಡು ಶಬ್ದ ಒಂದು ಒಳ್ಳೆಯ ಒರೆಗಲ್ಲು. ನನ್ನ ಹವ್ಯಾಸದಿಂದ ಎರೆಯನ್ನು ತೆಗೆದರೆ ಸುಖ ಉಳಿಯುತ್ತದೆಯೇ?

ಎರೆ ತೆಗೆಯಲು ಆಗದೆ ಹೋದವನ ಕಥೆಯೊಂದಿದೆ, ನಡೆದದ್ದು. 2009ರ ಜೂನ್‌ನಲ್ಲಿ ಎಡ್ವಿನ್ ರಿಸ್ಟ್ ಎಂಬ ಅಮೆರಿಕದ ಯುವಕ, ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಕೊಳಲು ಕಲಿಯುತ್ತಿದ್ದವನು, ರಾತ್ರಿ ರೈಲು ಹತ್ತಿ ಟ್ರಿಂಗ್ ಎಂಬ ಪುಟ್ಟ ಊರಿಗೆ ಹೋದ. ಅಲ್ಲಿ ಬ್ರಿಟನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಪಕ್ಷಿಸಂಗ್ರಹವಿದೆ. ಕಿಟಕಿ ಒಡೆದು ಒಳಹೊಕ್ಕು 299 ಹಕ್ಕಿಗಳ ಚರ್ಮವನ್ನು ಸೂಟ್‌ಕೇಸಿಗೆ ತುಂಬಿಕೊಂಡು ಬಂದ. ಅದರಲ್ಲಿ ಆಲ್ಫ್ರೆಡ್ ರಸೆಲ್ ವಾಲೇಸ್ ಮಲಯ ದ್ವೀಪಗಳಲ್ಲಿ ಒಂದೂವರೆ ಶತಮಾನದ ಹಿಂದೆ ಸಂಗ್ರಹಿಸಿದ ಸ್ವರ್ಗದ ಹಕ್ಕಿಗಳೂ ಇದ್ದವು. ಯಾಕೆ? ಗಾಳಕ್ಕೆ ಕಟ್ಟುವ ಗರಿಗಾಗಿ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಸಾಲ್ಮನ್ ಮೀನಿಗೆಂದು ಬಲು ಆಡಂಬರದ ಫ್ಲೈಗಳನ್ನು ಕಟ್ಟುತ್ತಿದ್ದರು. ದೂರದೇಶಗಳ ಬಣ್ಣಬಣ್ಣದ ಹಕ್ಕಿಗಳ ಗರಿಯನ್ನೇ ಬಳಸಬೇಕೆಂದು ಅಂದಿನ ಪುಸ್ತಕಗಳು ಪಟ್ಟಿ ಕೊಡುತ್ತಿದ್ದವು. ಆ ಹಳೆಯ ಪಟ್ಟಿಯಂತೆ ಅದೇ ಗರಿಯಿಂದ ಕಟ್ಟುವ ಹವ್ಯಾಸಿಗಳು ಇಂದೂ ಇದ್ದಾರೆ. ಇದರಲ್ಲಿ ಮೂರು ಮರುಳುತನ ಒಂದರ ಮೇಲೊಂದು ಕೂತಿವೆ. ಸಾಲ್ಮನ್ ಸಮುದ್ರದಿಂದ ಮೊಟ್ಟೆಯಿಡಲು ಹೊಳೆಗೆ ಬಂದ ಮೇಲೆ ಬಹುತೇಕ ಏನನ್ನೂ ತಿನ್ನುವುದಿಲ್ಲ, ಆದ್ದರಿಂದ ಆ ಫ್ಲೈ ಯಾವ ಹುಳದ ಅನುಕರಣೆಯೂ ಅಲ್ಲ. ಬಣ್ಣ ಹಾಕಿದ ಕೋಳಿಗರಿಗೂ ಸ್ವರ್ಗದ ಹಕ್ಕಿಯ ಗರಿಗೂ ಮೀನು ಬೆಲೆ ಕಟ್ಟುವುದಿಲ್ಲ. ಮೂರನೆಯದು, ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಹಲವರು ನೀರಿಗೆ ಹಾಕುವುದೇ ಇಲ್ಲ, ಗಾಜಿನ ಚೌಕಟ್ಟಿನಲ್ಲಿ ಇಡುತ್ತಾರೆ. ಮೀನು ಎಂದೋ ಆಟದಿಂದ ಹೊರಗೆ ಹೋಗಿದೆ. ಉಳಿದದ್ದು ಎರೆ ಮಾತ್ರ.

ರಿಸ್ಟ್ ಗರಿಗಳನ್ನು ಕಿತ್ತು ಅಂತಹ ಹವ್ಯಾಸಿಗಳಿಗೆ ಮಾರಿದ. 2010ರ ನವೆಂಬರಿನಲ್ಲಿ ಸಿಕ್ಕಿಬಿದ್ದ, ಜೈಲಿಗೆ ಹೋಗಬೇಕಿಲ್ಲದ ಅಮಾನತು ಶಿಕ್ಷೆಯಾಯಿತು. ಇಡಿಯಾಗಿ ಮರಳಿ ಸಿಕ್ಕ ಚರ್ಮಗಳು 174. ಅದರಲ್ಲಿ ಗುರುತಿನ ಚೀಟಿ ಉಳಿದಿದ್ದದ್ದು 102ರಲ್ಲಿ. ಯಾವ ಊರು, ಯಾವ ದಿನ ಎಂಬ ಆ ಚೀಟಿ ಕತ್ತರಿಸಿ ಹೋದ ಮೇಲೆ ವಿಜ್ಞಾನಕ್ಕೆ ಆ ಹಕ್ಕಿ ಬಹುಮಟ್ಟಿಗೆ ನಿರುಪಯೋಗಿ. ಸಮುದ್ರದಲ್ಲಿ ಪಾದರಸ ಹೆಚ್ಚುತ್ತ ಬಂದದ್ದನ್ನು ಸಂಗ್ರಹಾಲಯಗಳ ಹಳೆಯ ಹಕ್ಕಿಗರಿಗಳಿಂದಲೇ ಅಳೆದವರಿದ್ದಾರೆ, ಅದೂ ಚೀಟಿ ಇದ್ದುದರಿಂದ.

ಕೇಳಿದಾಗ 'ಅಯ್ಯೋ ಹುಚ್ಚು' ಅನಿಸುತ್ತದೆ. ಆದರೆ ನಮ್ಮ ಮಲೆನಾಡಿನ ಕಾಡುಕೋಳಿಯೂ ಈ ಕಥೆಯೊಳಗಿದೆ. ಬೆಳಗಿನ ಜಾವ ಕಾಡಂಚಿನ ಮನೆಗಳಿಗೆ ಕೂಗು ಕೇಳಿಸುವ ಬೂದು ಕಾಡುಕೋಳಿ, ಭಾರತದಲ್ಲಿ ಮಾತ್ರ ಇರುವ ಹಕ್ಕಿ. ಹುಂಜದ ಕತ್ತಿನ ಗರಿಗಳ ಮೇಲೆ ಮೇಣದ ಹನಿ ಇಟ್ಟಂತೆ ಹೊಳೆಯುವ ಚುಕ್ಕೆಗಳಿವೆ. ಫ್ಲೈಗೆ ಅದು ಕಣ್ಣಿನಂತೆ ಕಾಣುತ್ತದೆ ಎಂದು ಕಟ್ಟುವವರಿಗೆ ಅದರ ಮೇಲೆ ಬಲು ಮೋಹ. ಎಷ್ಟೋ ಕಾಲ ಈ ಗರಿಗಾಗಿ ಹುಂಜಗಳನ್ನು ಕೊಂದು ಚರ್ಮವನ್ನು ಹಡಗಿನಲ್ಲಿ ಕಳಿಸುತ್ತಿದ್ದರು. ಈಗ ಆ ರಫ್ತಿಗೆ ನಿಷೇಧವಿದೆ, ಹೊರದೇಶಗಳಲ್ಲಿ ಸಾಕಿದ ಹಕ್ಕಿಗಳಿಂದ ಗರಿ ತೆಗೆಯುತ್ತಾರೆ. ಸಾಧಾರಣ ಟ್ರೌಟ್ ಫ್ಲೈಗೂ ಅದಕ್ಕೆಂದೇ ತಳಿ ಬೆಳೆಸಿದ ಹುಂಜಗಳ ಕತ್ತಿನ ಗರಿ ಬೇಕು, ಅದು ಚರ್ಮದ ಸಮೇತ ಮಾರಾಟವಾಗುತ್ತದೆ. ಮೀನು ಬದುಕಿ ಹೋಯಿತು ನಿಜ. ಗಾಳದ ಮೇಲೆ ಕೂತಿರುವ ಹುಂಜ ಬದುಕಲಿಲ್ಲ. "ನಾನು ಒಂದನ್ನೂ ಕೊಲ್ಲುವುದಿಲ್ಲ" ಎಂಬ ಮಾತಿಗೆ ಇಷ್ಟು ಸೇರಿಸಿಕೊಳ್ಳಬೇಕು. ಕೃತಕ ನೂಲಿನಿಂದ ಕಟ್ಟುವವರೂ ಇದ್ದಾರೆ ಎಂಬುದನ್ನೂ ಹೇಳಬೇಕು.

ಹಾಗಾದರೆ ಗಾಳ ಬಿಸಾಡಿ ಕ್ಯಾಮೆರಾ ಹಿಡಿದರೆ? ನಮ್ಮ ಗುಂಪಿನಲ್ಲೇ ಹಕ್ಕಿ ಫೋಟೊ ತೆಗೆಯುವ ಮೂವರಿದ್ದಾರೆ, ಬೇಸರಪಡಬಾರದು 🙂. ನೋಡಿ ಬಿಟ್ಟುಬರುವುದು ಹಿಡಿದು ಬಿಡುವುದಕ್ಕಿಂತ ಎಷ್ಟೋ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಗೂಡಿನ ಮರೆಯ ಎಲೆ ಸರಿಸಿ, ಹುಳ ಚೆಲ್ಲಿ ಹಕ್ಕಿಯನ್ನು ಕರೆದು, ಮೊಬೈಲಿನಲ್ಲಿ ಅದರ ಜೋಡಿಯ ಕೂಗು ಹಾಕಿ ಬರಮಾಡಿಕೊಂಡು ತೆಗೆದ ಚಿತ್ರಗಳು ದಿನವೂ ನಮ್ಮ ಫೋನಿಗೆ ಬರುತ್ತವೆ. ಹುಳ ಚೆಲ್ಲುವುದು ಎರೆಯಲ್ಲದೆ ಮತ್ತೇನು?

ಇನ್ನು ಸಾಮಾನಿನ ಮಾತು. ದೊಡ್ಡ ಕಂಪನಿಗಳ 600 ಎಂಎಂ ಎಫ್ 4 ಲೆನ್ಸಿಗೆ ಮೂರು ಕೆ.ಜಿ. ತೂಕ, ಬೆಲೆ ಹತ್ತು ಲಕ್ಷ ದಾಟುತ್ತದೆ. ಅದನ್ನು ಕೊಂಡವನು ಕಾಡಿಗೆ ಹೋದಾಗ ಹಕ್ಕಿ ನೋಡುತ್ತಾನೋ, ಪಕ್ಕದವನ ಲೆನ್ಸ್ ನೋಡುತ್ತಾನೋ ಎಂದು ನನಗೆ ಸಂಶಯ. ರಾತ್ರಿ ನಿದ್ದೆಗೆಟ್ಟು ಎರಡು ಲೆನ್ಸುಗಳ ಹೋಲಿಕೆಯ ವಿಡಿಯೊ ನೋಡುವವನು ಇನ್ನೂ ತೆಗೆಯದ ಚಿತ್ರಕ್ಕೆ ಹಂಬಲಿಸುತ್ತಿರುತ್ತಾನೆ. ಗಾಳ ಹಾಕುವವರ ಮನೆಯಲ್ಲೂ ಇದೇ ಕಥೆ. ಆರನೆಯ ಕೋಲು, ಎಂಟನೆಯ ಡಬ್ಬಿ. ಭಿಕ್ಷುಗಳು ಚೀವರ ಹೊದೆಯುವಾಗ, ಉಣ್ಣುವಾಗ, ಮಲಗುವ ಜಾಗ ಬಳಸುವಾಗ, ಔಷಧಿ ತೆಗೆದುಕೊಳ್ಳುವಾಗ ಇದು ಯಾತಕ್ಕೆ ಎಂದು ನೆನೆದುಕೊಳ್ಳುವ ಪಚ್ಚವೇಕ್ಖಣ ನಿಮಗೆ ಗೊತ್ತಿದೆ. ಚಳಿ ತಡೆಯಲು, ಸೊಳ್ಳೆ ಬಿಸಿಲು ತಡೆಯಲು, ಇಷ್ಟಕ್ಕೆ. ವಸ್ತು ಕೆಟ್ಟದ್ದೆಂದು ಅಲ್ಲಿ ಎಲ್ಲೂ ಹೇಳಿಲ್ಲ. ಕೆಲಸ ಎಲ್ಲಿ ಮುಗಿಯಿತು, ಹಂಬಲ ಎಲ್ಲಿ ಶುರುವಾಯಿತು ಎಂಬ ಗೆರೆ ಮಾತ್ರ ಹುಡುಕಲು ಹೇಳಿದ್ದಾರೆ. ಹಳೆಯ ಕ್ಯಾಮೆರಾ ಕೈಯಲ್ಲಿದ್ದಾಗಲೇ ಆ ಗೆರೆ ಹುಡುಕಬೇಕು. ಹೊಸ ಡಬ್ಬಿ ಮನೆಗೆ ಬಂದ ಮೇಲೆ ಅಲ್ಲ.

ಇಷ್ಟು ಓದಿ, ಗಾಳ ಹಿಡಿದವರೆಲ್ಲ ಕಟುಕರು ಎಂದು ತೀರ್ಮಾನಿಸುವವರಿದ್ದರೆ ನಮ್ಮ ಕಾವೇರಿಯ ಸಂಗತಿ ಹೇಳುತ್ತೇನೆ.

ಸಂಗಮದ ಆಸುಪಾಸಿನ ಗಾಲಿಬೋರೆ, ಭೀಮೇಶ್ವರಿ, ದೊಡ್ಡಮಕಳಿಯಲ್ಲಿ ಒಂದು ಕಾಲಕ್ಕೆ ದೇಶವಿದೇಶದ ಜನ ಮಾಶೀರ್ ಮೀನಿಗೆ ಗಾಳ ಹಾಕಲು ಬರುತ್ತಿದ್ದರು. ಇದು ಗರಿಯ ಫ್ಲೈ ಆಟವಲ್ಲ, ಅವರ ಎರೆ ನಮ್ಮ ರಾಗಿ ಹಿಟ್ಟಿನ ಉಂಡೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಾಶೀರ್ 120 ಪೌಂಡ್, ಅಂದರೆ 54 ಕೆ.ಜಿ. ತೂಗಿತ್ತು. ಆ ಕಾಲದಲ್ಲಿ ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಮುಂದೆ ಈ ಶಿಬಿರಗಳಲ್ಲಿ ಹಿಡಿದು ಬಿಡುವ ನಿಯಮ ಬಂತು. ಹೊಳೆಗೆ ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದ ಕೆಲವರಿಗೆ ಅಲ್ಲೇ ಕಾವಲು ಮತ್ತು ಮಾರ್ಗದರ್ಶಿ ಕೆಲಸ ಸಿಕ್ಕಿತು. ಒಂದೊಂದು ಮೀನಿನ ತೂಕ, ಬಣ್ಣವನ್ನೂ ಶಿಬಿರದಲ್ಲಿ ಬರೆದಿಡುತ್ತಿದ್ದರು. 2012ರಲ್ಲಿ ಅಭಯಾರಣ್ಯದೊಳಗೆ ಈ ಆಟ ನಿಂತಿತು.

ಆ ಮೇಲೆ ವಿಜ್ಞಾನಿಗಳು ಗಾಲಿಬೋರೆಯ 1998ರಿಂದ 2012ರವರೆಗಿನ ಆ ಲೆಕ್ಕದ ಪುಸ್ತಕ ತೆರೆದು ನೋಡಿದರು. ಕಾವೇರಿಯದೇ ಆದ, ಬೆನ್ನು ಉಬ್ಬಿದ ದೊಡ್ಡ ಮಾಶೀರ್ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದು ಕೊನೆಗೆ ಅಪರೂಪವಾಗಿತ್ತು. ಅದರ ಜಾಗದಲ್ಲಿ ಹೆಚ್ಚಿದ್ದು ಬೇರೊಂದು ಜಾತಿಯ ಮಾಶೀರ್, ಹೊರಗಿನಿಂದ ಮರಿ ತಂದು ಬಿಟ್ಟದ್ದು. ನೂರಾರು ವರ್ಷ ಜನ ಬೆರಗಾಗಿ ನೋಡಿದ್ದ ಆ ಉಬ್ಬು ಬೆನ್ನಿನ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ, ಟಾರ್ ರೆಮದೇವಿ ಎಂದು. ಹೆಸರು ಸಿಕ್ಕ ವರ್ಷವೇ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಆ ಮೀನು ಕಾಣೆಯಾಗುತ್ತಿದೆ ಎಂಬುದಕ್ಕೆ ನಮ್ಮಲ್ಲಿದ್ದ ದೊಡ್ಡ ಸಾಕ್ಷಿ, ಅದರ ತುಟಿಗೆ ಗಾಳ ಹಾಕಿದವರು ಬರೆದ ಪುಸ್ತಕ. ಮಾಶೀರ್ ಉಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದ ಬಿಟ್ಟ ಮರಿಗಳೇ ಅದಕ್ಕೆ ಮುಳುವಾಗಿರಬಹುದು ಎಂಬ ಅನುಮಾನವೂ ಇದೆ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿದು ಬರುವ ನಾವು ಕಾವೇರಿಯ ಈ ಮೀನಿಗೆ ಏನು ಮಾಡಿದ್ದೇವೆ ಎಂದು ಕೇಳಿದರೆ ಉತ್ತರವಿಲ್ಲ. ನೋವು ಕೊಟ್ಟವರು ಕಾಳಜಿಯನ್ನೂ ಮಾಡಿದರು, ಕಾಳಜಿ ಹಾನಿಯನ್ನೂ ಮಾಡಿತು. ಒಳ್ಳೆಯದು ಕೆಟ್ಟದ್ದನ್ನು ಒಂದೇ ತಕ್ಕಡಿಯಲ್ಲಿ ಹಾಕಿ ಕಳೆಯುವ ಲೆಕ್ಕ ಕಮ್ಮದ್ದಲ್ಲ, ಎರಡಕ್ಕೂ ಬೇರೆ ಬೇರೆ ಫಲ.

ಕೊನೆಗೆ ಒಬ್ಬರ ವಿಷಯ. ಅಮೆರಿಕದ ಓರೆಗನ್ ರಾಜ್ಯದಲ್ಲಿ ಸ್ಟೀಮ್‌ಬೋಟ್ ಕ್ರೀಕ್ ಎಂಬ ಹೊಳೆಯಿದೆ. ಸಮುದ್ರದಿಂದ ಬಂದ ಸ್ಟೀಲ್‌ಹೆಡ್ ಮೀನುಗಳು, ಅವೂ ರೇನ್‌ಬೋ ಟ್ರೌಟ್ ಜಾತಿಯವೇ, ಬೇಸಿಗೆಯಲ್ಲಿ ಅಲ್ಲಿನ ಒಂದು ತಣ್ಣನೆಯ ಮಡುವಿನಲ್ಲಿ ನೂರಾರು ಸಂಖ್ಯೆಯಲ್ಲಿ ಸೇರುತ್ತವೆ. ಹಿಂದೆ ಕಳ್ಳರು ಅದಕ್ಕೆ ಡೈನಮೈಟ್ ಹಾಕುತ್ತಿದ್ದರು. ಲೀ ಸ್ಪೆನ್ಸರ್ ಎಂಬ ಪುರಾತತ್ವಜ್ಞ, ಫ್ಲೈ ಫಿಶಿಂಗ್‌ನ ಪಕ್ಕಾ ಹವ್ಯಾಸಿ, 1999ರಿಂದ ಒಂದು ದಶಕಕ್ಕೂ ಹೆಚ್ಚು ಕಾಲ ಪ್ರತಿವರ್ಷ ತಿಂಗಳುಗಟ್ಟಲೆ ತನ್ನ ನಾಯಿಯೊಂದಿಗೆ ಆ ಮಡುವಿನ ದಡದಲ್ಲಿ ಕೂತು ಕಾವಲು ಕಾದರು. ಮೀನುಗಳು ದಿನವಿಡೀ ಏನು ಮಾಡುತ್ತವೆ ಎಂದು ನೋಡಿ ನೋಡಿ ಬರೆದುಕೊಂಡರು.

ಅವರು ಫ್ಲೈ ಬೀಸುವುದನ್ನು ಬಿಡಲಿಲ್ಲ. ಗಾಳದ ಮೊನೆಯನ್ನು ಕತ್ತರಿಸಿ ಹಾಕಿದರು. ಸಾಮಾನ್ಯವಾಗಿ ಮೀನು ಬಿಡುವವರು ಗಾಳದ ಹಿಂಬದಿಗೆ ಬಾಗಿದ ಸಣ್ಣ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡುತ್ತಾರೆ, ಬಿಡಿಸಲು ಸಲೀಸಾಗಲಿ ಎಂದು. ಇವರು ಮೊನೆಯನ್ನೇ ತೆಗೆದರು. ಮೀನು ಕೆಳಗಿನಿಂದ ಎದ್ದು ಬರುತ್ತದೆ, ಗರಿಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ, ಉಗುಳಿ ಹೋಗುತ್ತದೆ. ಅಷ್ಟೇ. ಎಳೆತವಿಲ್ಲ, ಎತ್ತಿ ಹಿಡಿದ ಫೋಟೊ ಇಲ್ಲ.

ನಮ್ಮ ಹಿರಿಯರಿಗೆ ನನ್ನ ಸಲಹೆ ಇಷ್ಟೇ: ಮಗನ ಜೊತೆ ವಾದ ಮಾಡಬೇಡಿ, ಸ್ಪೆನ್ಸರ್ ಅವರ ವಿಷಯ ಹೇಳಿ, ಒಂದು ಶನಿವಾರ ಹಾಗೆ ಮಾಡಿ ನೋಡಪ್ಪ ಎನ್ನಿ. ಸಂಜೆ ಅವನು ಖುಷಿಯಾಗಿ ಮನೆಗೆ ಬಂದನೋ, ಬೇಜಾರಾಗಿ ಬಂದನೋ ಎಂದು ಅವನೇ ನೋಡಿಕೊಳ್ಳಲಿ.

ಭಾನುವಾರದ ಕೂಟಕ್ಕೆ ಕುಮಾರಕ ಸುತ್ತ, ಬಳಿಸ ಸುತ್ತ ಎರಡನ್ನೂ ಓದಿಕೊಂಡು ಬನ್ನಿ, ಒಂದೊಂದೂ ಅರ್ಧ ಪುಟ. ಜೊತೆಗೆ ಒಂದು ಪ್ರಶ್ನೆ ತಲೆಯಲ್ಲಿಟ್ಟುಕೊಳ್ಳಿ. ಮೊನೆ ಇಲ್ಲದಿದ್ದರೂ ಆ ಗರಿ ಸುಳ್ಳು ಹುಳವೇ, ಮೀನು ನಂಬಿ ಎದ್ದು ಬಂದದ್ದು ನಿಜ. ಮಾತೇ ಆಡದೆ ಹೇಳಿದ ಆ ಸುಳ್ಳು ನಾಲ್ಕನೆಯ ಶೀಲದ ಲೆಕ್ಕಕ್ಕೆ ಬರುತ್ತದೆಯೇ? ನನಗಂತೂ ಇನ್ನೂ ಬಗೆಹರಿದಿಲ್ಲ.

ಸಾಧು, ಸಾಧು, ಸಾಧು 🙏